ಪಾಲಾಗುವ ಮುಂಚೆ

ಮಗನೋ ಮಗಳೋ ಒಂಬತ್ತನೆಯ ತರಗತಿಗೆ ಕಾಲಿಟ್ಟರೆ ಸಾಕು, ನ್ಯೂಜೆರ್ಸಿಯ ಕನ್ನಡಿಗರ ಮನೆಗಳಲ್ಲಿ ಎಂಟು ಹೆಸರುಗಳ ಜಪ ಶುರುವಾಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಪೆನ್, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್. ಕನ್ನಡ ಕೂಟದ ಊಟದ ಸಾಲಿನಲ್ಲಿ ಬಿಸಿಬೇಳೆಭಾತಿಗೆ ತಟ್ಟೆ ಹಿಡಿದು ನಿಂತಾಗಲೂ ಇದೇ ಮಾತು. ನಾನೂ ಈ ಎಂಟನ್ನು ಜಪಿಸುವವನೇ, ಆದರೆ ನನ್ನ ಹರಕೆ ಬೇರೆ. ಬ್ರೌನ್ ಎಂದೊಡನೆ ಉಳಿದವರಿಗೆ ಎಂಟು ವರ್ಷದ ವೈದ್ಯಕೀಯ ಸೀಟು ನೆನಪಾಗುತ್ತದೆ. ನನಗೆ ನೆನಪಾಗುವುದು 2024ರ ಮಾರ್ಚಿನ ಲೀಗ್ ಫೈನಲ್. ಅರ್ಧ ನಿಮಿಷವೂ ಉಳಿದಿರದಾಗ ಆರು ಅಂಕ ಮುಂದಿದ್ದು, ಕೊನೆಗೆ ಯೇಲ್‌ಗೆ 62-61ರಲ್ಲಿ ಸೋತು, ಅಂಗಿಯಲ್ಲಿ ಮುಖ ಮುಚ್ಚಿಕೊಂಡ ಆ ಉದ್ದನೆಯ ಹುಡುಗರು.

ಊಟದ ಸಾಲಿನಲ್ಲಿ ನಾನು ಈ ಮಾತು ತೆಗೆದರೆ ಮುಂದಿನವರು ತಟ್ಟೆಯ ಸಮೇತ ಅರ್ಧ ತಿರುಗುತ್ತಾರೆ. “ಬ್ಯಾಸ್ಕೆಟ್‌ಬಾಲಾ? ಅವು ಓದೋ ಕಾಲೇಜುಗಳಲ್ಲವೇನ್ರೀ?”

ಓದುವ ಕಾಲೇಜುಗಳೇ, ಸಂದೇಹವಿಲ್ಲ. ಆದರೆ ಈ ಎಂಟೂ ಸೇರಿದ ಐವಿ ಲೀಗ್ ಎಂಬ ಒಕ್ಕೂಟ ಹುಟ್ಟಿದ್ದು ಆಟಕ್ಕಾಗಿ. 1945ರಲ್ಲಿ ಅಮೆರಿಕನ್ ಫುಟ್‌ಬಾಲಿಗೆಂದು ಮಾಡಿಕೊಂಡಿದ್ದ ಒಪ್ಪಂದವನ್ನು 1954ರಲ್ಲಿ ಎಲ್ಲ ಆಟಗಳಿಗೂ ವಿಸ್ತರಿಸಿದರು, ಅಷ್ಟೇ. ಅಂದರೆ ನಮ್ಮ ಜನ ಮಕ್ಕಳನ್ನು ಆಟ ಬಿಡಿಸಿ, ಟ್ಯೂಷನ್ನಿಗೆ ಹಾಕಿ, ರಾತ್ರಿಯೆಲ್ಲ ಓದಿಸಿ ಸೇರಿಸಲು ಒದ್ದಾಡುವುದು ಒಂದು ಆಟದ ಲೀಗಿಗೆ. ಇದನ್ನು ಹೇಳಿದ ಮೇಲೆ ನನ್ನನ್ನು ಊಟದ ಸಾಲಿನಲ್ಲಿ ಯಾರೂ ಮಾತನಾಡಿಸಿಲ್ಲ.

ಈ ಲೀಗಿನ ಇನ್ನೊಂದು ವಿಶೇಷವೆಂದರೆ ಇಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಏಳಡಿ ಎತ್ತರವಿದ್ದು, ಕಣ್ಣುಮುಚ್ಚಿ ಬುಟ್ಟಿಗೆ ಚೆಂಡು ಹಾಕುವವನಿಗೂ ಅಪ್ಪ ಅಮ್ಮನ ಆದಾಯ ನೋಡಿಯೇ ನೆರವು. ಅಂಥವರು ಸಿಗುವುದು ಅಪರೂಪ, ಸಿಕ್ಕವರು ನಿಲ್ಲುವುದು ಇನ್ನೂ ಅಪರೂಪ. ಸೋಲುವ ಕಡೆಗೆ ವಾಲುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೆ? ನಾನು ಓದಿದ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲಿನ ಕಂಬವಿತ್ತು, ಬಳೆಯಿತ್ತು, ಬಲೆಯಿರಲಿಲ್ಲ. ಚೆಂಡು ಬಳೆಯೊಳಗಿಂದ ಬಂತೋ ಪಕ್ಕದಿಂದ ಬಂತೋ ಎಂಬ ವಾದದಲ್ಲೇ ಆಟದ ಪಿರಿಯಡ್ ಮುಗಿಯುತ್ತಿತ್ತು. ಪ್ರಿನ್ಸ್‌ಟನ್ನಿನ ಜಾಡ್ವಿನ್ ಜಿಮ್‌ನಲ್ಲಿ ಮೊದಲ ಸಲ ಕೂತು, ಚೆಂಡು ಬಲೆಯನ್ನು ಸರ್ರೆಂದು ಸವರಿಕೊಂಡು ಇಳಿಯುವ ಸದ್ದು ಕೇಳಿದಾಗ ಹಳೆಯ ವಾದಗಳೆಲ್ಲ ಒಮ್ಮೆಗೇ ಇತ್ಯರ್ಥವಾದಂತೆ ಅನ್ನಿಸಿತು.

ಈ ಲೀಗಿನ ವರ್ಷದಲ್ಲಿ ಎರಡು ಕಾಲ. ನವೆಂಬರ್ ಮೊದಲ ವಾರದಿಂದ ವರ್ಷದ ಕೊನೆಯವರೆಗೆ ಎಂಟು ತಂಡಗಳೂ ಹೊರಗಿನವರ ಮೇಲೆ ಆಡುತ್ತವೆ. ಜನವರಿಯಿಂದ ಮಾರ್ಚ್ ಆರಂಭದವರೆಗೆ ತಮ್ಮತಮ್ಮಲ್ಲೇ, ಒಂದೊಂದು ತಂಡಕ್ಕೆ ಹದಿನಾಲ್ಕು ಪಂದ್ಯ. ಪತ್ರಿಕೆಗಳಿಗೆ ಎರಡನೆಯದೇ ನಿಜವಾದ ಸೀಸನ್, ಮೊದಲನೆಯದು ಬರೀ ತಾಲೀಮು. ನನ್ನ ಮಟ್ಟಿಗೆ ಇದು ತಿರುಗುಮುರುಗು. ನವೆಂಬರ್, ಡಿಸೆಂಬರ್ ಎಂದರೆ ಅವಿಭಕ್ತ ಕುಟುಂಬವೊಂದು ಒಟ್ಟಾಗಿ ಪೇಟೆಗೆ ಹೊರಟ ಕಾಲ. ದೊಡ್ಡಪ್ಪನ ಮಗ ಗೆದ್ದರೂ ನಮ್ಮದೇ ಗೆಲುವು, ಚಿಕ್ಕಪ್ಪನ ಮಗ ಗೆದ್ದರೂ ನಮ್ಮದೇ. ಜನವರಿ ಬಂತೆಂದರೆ ಪಾಲು ಶುರು. ಲೆಕ್ಕ ಹಾಕಿ ನೋಡಿ: ಲೀಗಿನೊಳಗೆ 56 ಪಂದ್ಯ, 56 ಗೆಲುವು, 56 ಸೋಲು. ಯಾರು ಏನೇ ಮಾಡಿದರೂ ಒಟ್ಟು ಮನೆಯ ಆಸ್ತಿ ಒಂದು ಕಾಸೂ ಹೆಚ್ಚುವುದಿಲ್ಲ. ಹೆಚ್ಚುವುದಿದ್ದರೆ ಆ ಮೊದಲ ಎರಡು ತಿಂಗಳಲ್ಲೇ.

ಹೆಚ್ಚುವುದು ಮರ್ಯಾದೆ ಮಾತ್ರವಲ್ಲ. 2018ರಿಂದ ‘ನೆಟ್’ ಎಂಬ ಒಂದು ರ‍್ಯಾಂಕಿಂಗ್ ಇದೆ. ಯಾರನ್ನು ಸೋಲಿಸಿದೆ ಎಂಬುದಷ್ಟೇ ಅಲ್ಲ, ಎಲ್ಲಿ ಸೋಲಿಸಿದೆ ಎಂಬುದೂ ಅದಕ್ಕೆ ಬೇಕು. ಮೊದಲ ಎಪ್ಪತ್ತೈದರೊಳಗಿನ ತಂಡವನ್ನು ಅದರ ಅಂಗಳದಲ್ಲೇ ಮಣಿಸಿದರೆ ಅದು ಮೊದಲ ದರ್ಜೆಯ ಗೆಲುವು. ನೀನು ಆಡುವ ಎದುರಾಳಿ ಬಲವಾದಷ್ಟೂ ನಿನಗೂ ಬಲ. ಹಾಗಾಗಿ ನ್ಯೂ ಹ್ಯಾಂಪ್‌ಶೈರಿನ ಹಿಮದೊಳಗಿರುವ ಡಾರ್ಟ್‌ಮತ್ ನವೆಂಬರಿನ ಮಂಗಳವಾರ ರಾತ್ರಿ ಎಲ್ಲೋ ಹೋಗಿ ಗೆದ್ದರೆ, ಫೆಬ್ರವರಿಯಲ್ಲಿ ಅದನ್ನು ಸೋಲಿಸುವ ಯೇಲ್‌ಗೆ ಲಾಭ. ಮಾರ್ಚಿನ ರಾಷ್ಟ್ರೀಯ ಟೂರ್ನಿಯಲ್ಲಿ 68 ತಂಡಗಳಿಗೆ ಜಾಗ. ನಮ್ಮವರಿಗೆ ಅದರಲ್ಲಿ ಒಂದೇ ಒಂದು ಸೀಟು ಎಂದು ಲೆಕ್ಕ ಹಾಕಿಕೊಂಡೇ ಇರುವುದು ಕ್ಷೇಮ. ಆ ಸೀಟು ಮುಂದಿನ ಸಾಲಿನದೋ ಹಿಂದಿನದೋ ಎಂಬುದು ಬಹುಪಾಲು ಈ ಚಳಿಗಾಲದ ಆರಂಭದಲ್ಲೇ ತೀರ್ಮಾನವಾಗಿರುತ್ತದೆ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋದೆ. ತಾಳ್ಮೆಯಿಂದ ಕೇಳಿದಳು. ಆಮೇಲೆ, “ಆ ಎಂಟರಲ್ಲಿ ನಿನ್ನ ಕಾಲೇಜು ಯಾವುದೋ?” ಎಂದಳು.

“ಯಾವುದೂ ಅಲ್ಲಮ್ಮ.”

“ಮಗು ಅಲ್ಲಿ ಓದ್ತಾನಾ?”

“ಇಲ್ಲಮ್ಮ.”

“ಆಡೋ ಹುಡುಗ್ರಲ್ಲಿ ನಮ್ಮ ಪೈಕಿ ಯಾರಾದ್ರೂ?”

“ಉಹೂಂ.”

ಸ್ವಲ್ಪ ಹೊತ್ತು ಆ ಕಡೆಯಿಂದ ಕುಕ್ಕರಿನ ಸೀಟಿ ಮಾತ್ರ ಕೇಳಿಸಿತು. “ಸರಿಯಾಗಿ ಊಟ ಮಾಡ್ತಿದೀಯಾ?” ಎಂದಳು.

ಹೆಂಡತಿಯ ಪ್ರಶ್ನೆ ಇನ್ನೂ ನೇರ. “ರೀ, ಇವತ್ತು ಯಾರು ಗೆಲ್ಲಬೇಕು ಹೇಳಿಬಿಡಿ, ಅಡಿಗೆಮನೆಯಿಂದಲೇ ಬೇಡಿಕೊಳ್ತೀನಿ.” ನವೆಂಬರಿನಲ್ಲಿ ಇದಕ್ಕೆ ಉತ್ತರ ಸುಲಭ. ಎಲ್ಲರೂ.

ಹೀಗೆ ಬೇಡಿಕೊಂಡದ್ದು ಫಲಿಸಿದ ರಾತ್ರಿಗಳಿವೆ. 2023ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಟ್ರೆಂಟನ್ನಿನಲ್ಲಿ ರಟ್ಗರ್ಸನ್ನು 68-61ರಿಂದ ಸೋಲಿಸಿ ಸೀಸನ್ ಆರಂಭಿಸಿತು. ಒಂದು ವಾರ ಕಳೆಯುವಷ್ಟರಲ್ಲಿ ಪೆನ್, ಫಿಲಡೆಲ್ಫಿಯಾದ ತನ್ನ ಪಲೆಸ್ಟ್ರಾದಲ್ಲಿ ವಿಲ್ಲನೋವಾವನ್ನು 76-72ರಿಂದ ಕೆಡವಿತು. ಪಲೆಸ್ಟ್ರಾ 1927ರ ಕಟ್ಟಡ. ಬೆಂಚುಗಳು ಅಂಕಣಕ್ಕೆ ಎಷ್ಟು ಹತ್ತಿರವೆಂದರೆ ಕೋಚ್ ಬೈದದ್ದು ನಮಗೇ ಬೈದಂತೆ ಕೇಳಿಸುತ್ತದೆ. ವಿಲ್ಲನೋವಾ 2016 ಮತ್ತು 2018ರ ರಾಷ್ಟ್ರೀಯ ಚಾಂಪಿಯನ್. ಅಂಥವರನ್ನು ಸೋಲಿಸಿದ ರಾತ್ರಿ ಫಿಲಡೆಲ್ಫಿಯಾದಿಂದ ಮನೆಯವರೆಗಿನ ಟ್ರಾಫಿಕ್ ಕೂಡ ಸುಖವಾಗಿರುತ್ತದೆ.

ಆದರೆ ನನ್ನನ್ನು ಬಿಡದೆ ಕಾಡುವುದು ಕೊಲಂಬಿಯಾದ ಕಥೆ. ನ್ಯೂಯಾರ್ಕಿನ ಈ ತಂಡ ರಾಷ್ಟ್ರೀಯ ಟೂರ್ನಿಯ ಮುಖ ಕೊನೆಯ ಸಲ ನೋಡಿದ್ದು 1968ರಲ್ಲಿ. 2024ರ ನವೆಂಬರ್ 6ರಂದು ಇವರು ಅದೇ ವಿಲ್ಲನೋವಾದ ಮನೆಯಂಗಳಕ್ಕೇ ಹೋಗಿ 90-80ರಿಂದ ಗೆದ್ದುಬಂದರು. ದೊಡ್ಡ ಕಾಲೇಜುಗಳು ಇಂಥ ಸಣ್ಣ ತಂಡಗಳನ್ನು ಕರೆಸುವ ಉದ್ದೇಶವೇ ಬೇರೆ. ಎಷ್ಟೋ ಸಲ ಹತ್ತಾರು ಸಾವಿರ ಡಾಲರು ಕೊಟ್ಟು ಕರೆಸಿ, ಸೋಲಿಸಿ, ಕೈಕುಲುಕಿ ಕಳುಹಿಸುವುದು ಇಲ್ಲಿನ ರೂಢಿ. ಕರೆಸಿಕೊಂಡವರೇ ಸೋತರೆ ಆ ಮುಖಗಳನ್ನು ನೋಡಬೇಕು. ಅಲ್ಲಿಂದ ಕೊಲಂಬಿಯಾ ನಿಲ್ಲಲೇ ಇಲ್ಲ. ಎದುರಾಳಿಗಳಲ್ಲಿ ಬಡಪಾಯಿಗಳೂ ಇದ್ದರು, ನಿಜ. ಆದರೂ ಹನ್ನೊಂದು ಗೆಲುವು, ಎರಡೇ ಸೋಲು! ರಾಜ್ಯೋತ್ಸವದ ಭಾಷಣದ ನಡುವೆ ಮೇಜಿನಡಿ ಫೋನು ಹಿಡಿದು ಅವರ ಸ್ಕೋರು ನೋಡುತ್ತಿದ್ದೆ. ವೇದಿಕೆಯಲ್ಲಿ “ಎದ್ದೇಳಿ ಕನ್ನಡಿಗರೇ” ಎಂದಾಗ ನಾನೊಬ್ಬ ನಿಜವಾಗಿಯೂ ಎದ್ದುಬಿಟ್ಟೆ. ಅಧ್ಯಕ್ಷರಿಗೆ ಬಹಳ ಸಂತೋಷವಾಯಿತು.

ಜನವರಿ ಬಂತು. ಮನೆಯವರ ಮೇಲೆ ಆಡಿದ ಹದಿನಾಲ್ಕರಲ್ಲಿ ಕೊಲಂಬಿಯಾ ಗೆದ್ದದ್ದು ಒಂದು. ಹದಿಮೂರು ಸೋಲು, ಕೊನೆಯ ಸ್ಥಾನ. ಸೀಸನ್ ಮುಗಿದ ಮೇಲೆ ಕೋಚ್ ಕೂಡ ಬದಲಾದರು. ಹೊರಗೆ ಅಷ್ಟು ಮೆರೆದವರು ಒಳಗೆ ಹೀಗೇಕಾದರು ಎಂಬುದಕ್ಕೆ ಪಂಡಿತರು ಗಾಯ, ರಕ್ಷಣೆ ಎಂದೆಲ್ಲ ಕಾರಣ ಕೊಡುತ್ತಾರೆ. ನನಗೆ ತೋಚುವುದು ಇಷ್ಟು: ಹೊರಗಿನವರಿಗೆ ನಮ್ಮ ದೌರ್ಬಲ್ಯ ಗೊತ್ತಿರುವುದಿಲ್ಲ, ದಾಯಾದಿಗಳಿಗೆ ಗೊತ್ತಿರುತ್ತದೆ. ಅದೇ ವರ್ಷ, 1959ರ ನಂತರ ರಾಷ್ಟ್ರೀಯ ಟೂರ್ನಿಯನ್ನೇ ಕಾಣದ ಡಾರ್ಟ್‌ಮತ್ ಎಂಟು ಗೆಲುವು, ಆರು ಸೋಲಿನ ಲೆಕ್ಕದಲ್ಲಿ ಮೂರನೆಯದಾಗಿ, ಮೊದಲ ನಾಲ್ಕು ತಂಡಗಳು ಮಾತ್ರ ಆಡುವ ಲೀಗ್ ಟೂರ್ನಿಗೆ ಮೊದಲ ಸಲ ಬಂತು. ಒಬ್ಬರ ಮನೆಯ ದೀಪ ಹತ್ತಿದ್ದು ಇನ್ನೊಬ್ಬರ ಎಣ್ಣೆಯಿಂದ. ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಇತ್ತೀಚೆಗೆ ನವೆಂಬರಿಗೂ ಸ್ವಲ್ಪ ಮಂಕು ಕವಿದಿದೆ. 2024ರ ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತೆ ರಟ್ಗರ್ಸನ್ನು 83-82ರಿಂದ ಸೋಲಿಸಿತು. ಎದುರಿಗಿದ್ದವರು ಮುಂದಿನ ಬೇಸಿಗೆಯಲ್ಲಿ ಎನ್‌ಬಿಎ ಆಯ್ಕೆಯ ಎರಡನೆಯ ಮತ್ತು ಐದನೆಯ ಸ್ಥಾನ ಪಡೆದ ಡಿಲನ್ ಹಾರ್ಪರ್, ಏಸ್ ಬೇಲಿ. ಕೊನೆಯ ಬುಟ್ಟಿ ಹಾಕಿದವನು ಟೊರಾಂಟೊದ ಹುಡುಗ ಝೇವಿಯನ್ ಲೀ. ವಸಂತ ಬರುವಷ್ಟರಲ್ಲಿ ಲೀ ಫ್ಲಾರಿಡಾಗೆ ಹೊರಟ. ಅದಕ್ಕೆ ಹಿಂದಿನ ವರ್ಷ ಯೇಲ್‌ನ ಡ್ಯಾನಿ ವುಲ್ಫ್ ಮಿಶಿಗನ್‌ಗೆ, ಹಾರ್ವರ್ಡ್‌ನ ಮಲಿಕ್ ಮ್ಯಾಕ್ ಜಾರ್ಜ್‌ಟೌನ್‌ಗೆ ಹೋಗಿದ್ದರು. ತಪ್ಪೇನಿಲ್ಲ. 2025ರ ಜುಲೈಯಿಂದ ದೊಡ್ಡ ವಿಶ್ವವಿದ್ಯಾಲಯಗಳು ವರ್ಷಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಆಟಗಾರರಿಗೆ ಹಂಚಬಹುದು. ಐವಿ ಲೀಗ್ ಆ ಏರ್ಪಾಡಿಗೇ ಸೇರಲಿಲ್ಲ. ಹಳ್ಳಿ ಬಿಟ್ಟು ಬೆಂಗಳೂರು, ಬೆಂಗಳೂರು ಬಿಟ್ಟು ಎಡಿಸನ್ ಸೇರಿದ ನಾನು, ಹೆಚ್ಚು ಹಣ ಸಿಗುವ ಕಡೆ ಹೋದ ಇಪ್ಪತ್ತರ ಹುಡುಗನ ಮೇಲೆ ಮುನಿಸಿಕೊಳ್ಳುವುದು ಹೇಗೆ? ಆದರೂ ಪ್ರತಿ ನವೆಂಬರಿನಲ್ಲಿ ಹೊಸ ಹೆಸರುಗಳನ್ನು ಮೊದಲಿನಿಂದ ಕಲಿಯಬೇಕು. ವಯಸ್ಸಾಗುತ್ತ ಹೆಸರುಗಳು ನಿಲ್ಲುವುದು ಕಷ್ಟ. ಅಂಗಿಯ ನಂಬರಿನಿಂದಲೇ ಪ್ರೀತಿಸುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ.

2020ರಲ್ಲಂತೂ ನವೆಂಬರ್ ಬರಲೇ ಇಲ್ಲ. ದೇಶದ ಮೊದಲ ಶ್ರೇಣಿಯ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಕೋವಿಡ್ಡಿಗೆ ಅಂಜಿ ಇಡೀ ಸೀಸನ್ನನ್ನು ಕೈಬಿಟ್ಟ ಒಕ್ಕೂಟ ಇದೊಂದೇ. ಉಳಿದವರು ಖಾಲಿ ಕುರ್ಚಿಗಳ ಮುಂದೆ ಆಡಿದರು. ನಾನು ಯೂಟ್ಯೂಬಿನಲ್ಲಿ 1996ರ ಪಂದ್ಯ ನೋಡಿದೆ. ಪ್ರಿನ್ಸ್‌ಟನ್ ಹಾಲಿ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಸೋಲಿಸಿದ ಪಂದ್ಯ. ಮುದುಕಪ್ಪ ಕೋಚ್ ಪೀಟ್ ಕ್ಯಾರಿಲ್ ಅವರ ಕೊನೆಯ ಗೆಲುವು ಅದು. ಸಂತೋಷ ತಡೆಯಲಾರದೆ ಗಾಳಿಗೆ ನೆಗೆದ ಹುಡುಗ ಮಿಚ್ ಹೆಂಡರ್‌ಸನ್ 2011ರಿಂದ ಅಲ್ಲಿಯೇ ಕೋಚ್. ಈಗ ನೆಗೆಯುವುದಿಲ್ಲ, ಕೈಕಟ್ಟಿ ನಿಂತಿರುತ್ತಾರೆ.

ಹನ್ನೆರಡನೆಯ ತರಗತಿಯ ಮಕ್ಕಳಿರುವ ತಂದೆತಾಯಿಗಳಿಗೆ ಒಂದು ಮಾತು. ನಿಮ್ಮ ಮಕ್ಕಳ ಮೊದಲ ಅರ್ಜಿಯ ಗಡುವು ನವೆಂಬರ್ ಒಂದರ ಹೊತ್ತಿಗೆ, ಎರಡನೆಯದು ಜನವರಿ ಒಂದರ ಆಸುಪಾಸಿಗೆ. ನನ್ನ ಎಂಟು ತಂಡಗಳ ಒಳ್ಳೆಯ ಕಾಲ ಸರಿಯಾಗಿ ಇವೆರಡರ ನಡುವೆ ಬರುತ್ತದೆ. ಮನೆಯಲ್ಲಿ ಕೂತು ಇಮೇಲ್ ತೆರೆದು ಮುಚ್ಚುವ ಬದಲು ಮಕ್ಕಳನ್ನು ಕರೆದುಕೊಂಡು ಒಂದು ಸಂಜೆ ಜಾಡ್ವಿನ್‌ಗೆ ಬನ್ನಿ, ಖಾಲಿ ಕುರ್ಚಿ ಬೇಕಾದಷ್ಟಿರುತ್ತದೆ. ಹೊಸ ವರ್ಷ ದಾಟಿ ಬಂದರೆ ಯಾರಾದರೂ ಒಬ್ಬರ ಪಕ್ಷ ಹಿಡಿಯಬೇಕಾಗುತ್ತದೆ, ಅದಕ್ಕೆ ಮೊದಲೇ ಬನ್ನಿ.