ನುಸಿಗುಳಿಗೆ

ಭೂಮಿಯ ಮೇಲೆ ಗಂಟು ಕಟ್ಟಿಡಬೇಡಿ, ಇಲ್ಲಿ ನುಸಿಯುಂಟು, ಕಿಲುಬುಂಟು, ಕನ್ನಗಳ್ಳರೂ ಉಂಟು ಎಂದು ಯೇಸುಸ್ವಾಮಿ ಎಚ್ಚರಿಸಿದ್ದನ್ನು ಮತ್ತಾಯನು ಬರೆದಿಟ್ಟಿದ್ದಾನಷ್ಟೆ. ನಮ್ಮ ಸಭಾಪಾಲಕರು ಆ ಭಾಗ ಓದಿದಾಗಲೆಲ್ಲ ಪರಲೋಕಕ್ಕಿಂತ ಮೊದಲು ನನಗೆ ಅಜ್ಜಿಯ ಟ್ರಂಕು ಕಣ್ಣಿಗೆ ಕಟ್ಟುತ್ತದೆ. ಕಿಲುಬಿಗೆ ಹಸಿರು ಪೇಂಟು, ಕಳ್ಳನಿಗೆ ಬೀಗ, ನುಸಿಗೆ ನಾಲ್ಕು ನುಸಿಗುಳಿಗೆ. ದೈವವಾಕ್ಯದ ಮೂರೂ ಆಕ್ಷೇಪಗಳಿಗೆ ಸಮಾಧಾನ ಒದಗಿಸಿಯೇ ಅಜ್ಜಿ ಅದರೊಳಗೆ ತನ್ನ ಮದುವೆಯ ರೇಷ್ಮೆ ಸೀರೆ ಇಟ್ಟಿದ್ದಳು.

ಶಿಡ್ಲಘಟ್ಟದ ಕಡೆಯವರಾದ ನಮಗೆ, ನೋಡಿ, ಗಂಟು ಕಟ್ಟುವುದೇ ರೇಷ್ಮೆಹುಳ. ಪೊರೆ ಬಿಡುವ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಹತ್ತಿ, ಒಳ್ಳೆ ತಳಿಯದಾದರೆ ಸಾವಿರ ಮೀಟರಿನಷ್ಟು ಎಳೆಯನ್ನು ತನ್ನ ಸುತ್ತ ತಾನೇ ಸುತ್ತಿಕೊಂಡು, ಕಡೆಗೆ ಆ ಐಶ್ವರ್ಯದ ಸಮೇತ ಬಿಸಿನೀರಿಗೆ ಬೀಳುತ್ತದೆ. ಎಂಟು ವರ್ಷದವನಿದ್ದಾಗ ನಾನೊಂದು ಗೂಡು ಕದ್ದು (ಮತ್ತಾಯನ ಕಳ್ಳನೂ ಸಿಕ್ಕಿದನಲ್ಲ!) ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟೆ. ಹತ್ತು ಹನ್ನೆರಡು ದಿನ ಕಳೆದು ತೆರೆದರೆ ಗೂಡಿಗೊಂದು ತೂತು, ಪಕ್ಕದಲ್ಲೊಂದು ಬೆಳ್ಳನೆಯ ಚಿಟ್ಟೆ. ಅದಕ್ಕೆ ಹಾರಲು ಬಾರದು, ತಿನ್ನಲು ಬಾಯಿಲ್ಲ. ಬಿಟ್ಟುಬಂದ ರೇಷ್ಮೆಯ ಕಡೆ ತಿರುಗಿಯೂ ನೋಡಲಿಲ್ಲ. “ತೂತು ಬಿದ್ದ ಗೂಡು ಯಾವ ರೀಲರು ತಗೋತಾನೋ?” ಎಂದು ಅಜ್ಜಿ ತಲೆಗೆ ಮೊಟಕಿದಳು.

ಆ ಚಿಟ್ಟೆಯ ಗೋತ್ರದವನೇ ಇಟಲಿಯ ಅಸ್ಸಿಸಿಯ ಫ್ರಾನ್ಸಿಸ್. ಜವಳಿ ವ್ಯಾಪಾರಿಯ ಮಗ. 13ನೇ ಶತಮಾನದ ಮೊದಲಲ್ಲಿ, ಬಿಷಪ್ಪರ ಎದುರಿಗೇ, ಮೈಮೇಲಿನ ಬಟ್ಟೆ ಕಳಚಿ ಅಪ್ಪನಿಗೆ ಒಪ್ಪಿಸಿ, ಇನ್ನು ತಾನು ಪರಲೋಕದ ತಂದೆಗಷ್ಟೇ ಮಗ ಎಂದನಂತೆ. ಕೇಳಲು ಚೆಂದ. ನನಗೇಕೋ ಆ ಜವಳಿಯಪ್ಪನ ಮೇಲೇ ಕನಿಕರ.

ನನಗೆ ಒಗ್ಗುವವನು ಅಲೆಕ್ಸಾಂಡ್ರಿಯದ ಕ್ಲೆಮೆಂಟ್. ಇದ್ದದ್ದೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳಿದಾಗ ಮುಖ ಸಪ್ಪಗೆ ಮಾಡಿಕೊಂಡು ಹೋದ ಆ ಧನಿಕನ ಮೇಲೆ, ಒಂಟೆ ಮತ್ತು ಸೂಜಿಗಣ್ಣಿನ ಮೇಲೆ, ಸುಮಾರು 1800 ವರ್ಷಗಳ ಹಿಂದೆ ಈತ ಒಂದು ಗ್ರಂಥವನ್ನೇ ಬರೆದ: ಕಳಚಬೇಕಾದದ್ದು ಮನಸ್ಸಿನೊಳಗಿನ ವ್ಯಾಮೋಹ; ಯಾರ ಬಳಿಯೂ ಏನೂ ಇಲ್ಲದಿದ್ದರೆ ಹಸಿದವನಿಗೆ ಉಣಿಸುವವರು ಯಾರು? ನಿಜವೇ, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರ ಆಸ್ಪತ್ರೆ ಎದ್ದದ್ದೂ ಇದ್ದವರು ಬಿಚ್ಚಿದ ಕಾಸಿನಿಂದಲೇ. ಒಳ್ಳೆ ವಕೀಲ ಸಿಕ್ಕನೆಂದು ಹಿಗ್ಗಿದೆ. ಆಮೇಲೆ ತಿಳಿಯಿತು, ಫೀಜು ದುಬಾರಿ: ಸೀರೆ ಇಟ್ಟುಕೊಳ್ಳಬಹುದು, ‘ನನ್ನದು’ ಅನ್ನುವಂತಿಲ್ಲ.

ಪರೀಕ್ಷೆ ಮಾಡಿಯೇ ಬಿಡೋಣವೆಂದು ಮೊನ್ನೆ ಟ್ರಂಕು ತೆರೆದೆ. ನುಸಿ ಮುಟ್ಟಿರಲಿಲ್ಲ, ಮಡಿಕೆಯ ಗೆರೆಯುದ್ದಕ್ಕೂ ಸೀರೆ ತಾನಾಗಿ ಎಳೆ ಬಿಟ್ಟಿತ್ತು. ಮೊಮ್ಮಗಳು ಸೆರಗು ಹಿಡಿದು, “ತಾತ, ಇದು ನಂಗೆ ಕೊಡು, ಲಂಗ ಹೊಲಿಸ್ಕೋತೀನಿ” ಎಂದಳು.

“ನೋಡೋಣಮ್ಮ,” ಎಂದೆ, “ಈಗ ಅಂಗಡಿಗೆ ಓಡಿ ನಾಲ್ಕು ನುಸಿಗುಳಿಗೆ ತಗೊಂಡು ಬಾ.”