ಒಂದೇ ತಟ್ಟೆಯ ದೋಸೆ

ಸಹಪಾಠವು ಸುಲಭ, ಸಹಭೋಜನವು ಕಷ್ಟ. ಗ್ರಾಮಜೀವನವನ್ನು ಬಲ್ಲ ವಾಚಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಜಗಳೂರು ಸೀಮೆಯ ಸೊಕ್ಕೆಯಲ್ಲಿ ಅರವತ್ತು ದಾಟಿದ ಇಬ್ಬರು ಸ್ನೇಹಿತರಿದ್ದಾರೆ. ಒಬ್ಬರು ಪಂಚಾಂಗ ನೋಡುವ ಮನೆತನದ ಜೋಯಿಸರು. ಮತ್ತೊಬ್ಬರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದವರು. ಬಾಲ್ಯದಲ್ಲಿ ಇಬ್ಬರಿಗೂ ಒಂದೇ ಶಾಲೆ; ಒಂದು ಬಳಪವನ್ನು ಮುರಿದು ಹಂಚಿಕೊಂಡದ್ದೂ ಉಂಟು. ಆಗ ಪರಸ್ಪರ "ನೀನು" ಎನ್ನುತ್ತಿದ್ದರು. ದೊಡ್ಡವರಾದ ಮೇಲೆ ಜೋಯಿಸರ "ನೀನು" ಹಾಗೆಯೇ ಉಳಿಯಿತು. ಅಂಚೆಯವರದು ಯಾರೂ ಹೇಳಿಕೊಡದೆಯೇ "ನೀವು" ಆಯಿತು. ಸ್ನೇಹವು ನಿಷ್ಕಪಟವಾದದ್ದೇ. ಆದರೂ ಅಂಚೆಯವರು ಜೋಯಿಸರ ಮನೆಯ ಜಗಲಿಯನ್ನು ದಾಟಲಿಲ್ಲ; ದಾಟೆಂದು ಜೋಯಿಸರೂ ಹೇಳಲಿಲ್ಲ.

ಕಳೆದ ವರ್ಷ ಜೋಯಿಸರ ಪತ್ನಿ ತೀರಿಕೊಂಡರು. ತಾವೇ ಬೇಯಿಸಿಕೊಂಡು ಅರ್ಧ ಉಂಡು ಏಳುವ ಗೆಳೆಯರನ್ನು ನೋಡಲಾರದೆ, ಈ ಮಾಘಮಾಸದಲ್ಲಿ ಅಂಚೆಯವರು, "ದಾವಣಗೆರೆಗೆ ಹೋಗಿ ಒಂದು ದಿನ ಬಾಯಿಗೆ ರುಚಿಯಾದದ್ದು ತಿಂದು ಬರೋಣ ಬನ್ನಿ ಜೋಯಿಸ್ರೆ" ಎಂದರು. 1997ರಲ್ಲಿ ದಾವಣಗೆರೆಯು ಜಿಲ್ಲಾಕೇಂದ್ರವಾದಂದಿನಿಂದ ಜೋಯಿಸರು ಕಚೇರಿಯ ಕೆಲಸಕ್ಕಾಗಿ ಅನೇಕ ಸಲ ಅಲ್ಲಿಗೆ ಹೋಗಿದ್ದರು. ಆದರೆ ಕಟ್ಟಿಕೊಂಡು ಹೋದ ಅವಲಕ್ಕಿಯ ಹೊರತು ಬೇರೇನನ್ನೂ ತಿಂದವರಲ್ಲ. ಅದೇನು ತೋರಿತೋ, ಈ ಸಲ ಗಂಟು ಕಟ್ಟದೆ ಹೊರಟರು.

ಬಸ್ಸಿನಲ್ಲಿ ಅಂಚೆಯವರು ಬೆಣ್ಣೆದೋಸೆಯ ಪುರಾಣವನ್ನು ಹೇಳಿದರು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ತಾಯಿ ನಾಟಕಶಾಲೆಯ ಬಳಿ ರಾಗಿಯ ದೋಸೆ ಹಾಕಿ ಜೀವನ ಸಾಗಿಸಿದರೆಂದೂ, ಮುಂದೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿಗೆ ಬೆಣ್ಣೆಯನ್ನು ಕೂಡಿಸಿದರೆಂದೂ ಜನ ಹೇಳುವರು. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಪಟ್ಟಣವು ಈಗ ದೋಸೆಯಿಂದ ಹೆಸರಾಗಿದೆ.

ಹೋಟೆಲಿನಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಕಟ್ಟಿಗೆಯ ಒಲೆಯ ಮೇಲೆ ಕಾವಲಿ ಚುರುಗುಟ್ಟುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಮೂಲೆಯ ಮೇಜು ದೊರೆಯಿತು. ಅವಸರದ ಮಾಣಿಯು ಒಂದೇ ತಟ್ಟೆಯಲ್ಲಿ ಎರಡು ದೋಸೆಗಳನ್ನೂ, ಬೆಳ್ಳನೆಯ ಆಲೂಗಡ್ಡೆ ಪಲ್ಯವನ್ನೂ, ಕಾಯಿಚಟ್ನಿಯನ್ನೂ ತಂದಿಟ್ಟು, "ಇನ್ನೊಂದು ತಟ್ಟೆ ತೊಳೀತಿದಾರೆ" ಎಂದು ಓಡಿದನು. ದೋಸೆಯತ್ತ ಚಾಚಿದ್ದ ಅಂಚೆಯವರ ಕೈ ತಾನಾಗಿ ಹಿಂದಕ್ಕೆ ಹೋಯಿತು.

ಆ ಕೈಯನ್ನು ಜೋಯಿಸರು ಕಂಡರು. ಅದನ್ನು ಯಾರೂ ತಡೆದಿರಲಿಲ್ಲ. ಇಷ್ಟು ವರ್ಷಗಳ ಜಗಲಿಯೇ ತಡೆದಿತ್ತು. ಅವರು ದೋಸೆಯ ತುದಿಯನ್ನು ಮುರಿದು ಬಾಯಿಗಿಟ್ಟುಕೊಂಡು, "ತಿನ್ನೋ, ಆರಿಹೋಗುತ್ತೆ" ಎಂದರು. ಅಂಚೆಯವರು ಒಂದು ಕ್ಷಣ ಸುಮ್ಮನಿದ್ದು, "ಪಲ್ಯ ನೀನೂ ಹಾಕ್ಕೋ" ಎಂದುಬಿಟ್ಟರು. ಎರಡನೆಯ ತಟ್ಟೆ ಬಂದಾಗ ಅದರ ಅಗತ್ಯವಿರಲಿಲ್ಲ. ಸಂಜೆ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವೊಂದನ್ನು ಬಿಚ್ಚಿ, ಹಂಚಿಕೊಂಡು ತಿನ್ನುತ್ತ ಬಸ್ಸು ಹತ್ತಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಅಂಗಡಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು; 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. ಆದರೆ ಅಡುಗೆಮನೆಯ ಬಾಗಿಲನ್ನು ಆ ಮನೆಯ ಯಜಮಾನನೇ ತೆರೆಯಬೇಕು. ಪಟ್ಟಣದಲ್ಲಿ ನೋಡುವವರಿಲ್ಲ, ಆದ್ದರಿಂದ ಅಲ್ಲಿಯ ಧೈರ್ಯಕ್ಕೆ ಬೆಲೆಯೂ ಕಡಮೆ. ಜೋಯಿಸರು ಇದನ್ನು ಅರಿಯದವರಲ್ಲ.

ಮರುವಾರ, ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲಿಯೇ, ಅವರು ಕೇರಿಗೆ ನಡೆದು ಗೆಳೆಯರ ಮನೆಯೊಳಗೆ ಕುಳಿತು, "ರೊಟ್ಟಿ ಆಗಿದೆಯೇನಮ್ಮಾ?" ಎಂದು ಕೇಳಿದರು. ಆ ಗೃಹಿಣಿಯು ಗಂಡನ ಮುಖವನ್ನು ಎರಡು ಸಲ ನೋಡಿದ ಮೇಲೆ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂದವು. ಜೋಯಿಸರು ಎರಡು ರೊಟ್ಟಿಗಳನ್ನು ಪೂರ್ತಿಯಾಗಿ ತಿಂದರು.

ಜಗಲಿಯ ಒಳಗಿನ ಊಟವೊಂದು ಇನ್ನೂ ಬಾಕಿಯಿದೆ. ಅದು ಯುಗಾದಿಗೆ ಆಗಲೆಂದು ಜೋಯಿಸರು ಹೇಳಿದ್ದಾರೆ. ಹೋಳಿಗೆ ಮಾಡಲು ಬಾರದೆಂಬ ಚಿಂತೆಯೊಂದೇ ಈಗ ಅವರಿಗೆ ಉಳಿದಿರುವುದು.