ದುರ್ಗಾಳ ಮಣಿಸರ

ಬಂಗಾಳಿ ಕಾದಂಬರಿಕಾರ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಬದುಕಿನ ಬಹುಕಾಲ ಶಾಲಾ ಮಾಸ್ತರರಾಗಿದ್ದವರು. 1929ರಲ್ಲಿ ಪುಸ್ತಕರೂಪದಲ್ಲಿ ಬಂದ ಅವರ ‘ಪಥೇರ್ ಪಾಂಚಾಲಿ’ಯಲ್ಲಿ ತಿರುವುಗಳಿಂದ ಕೂಡಿದ ಕಥೆಯೇನೂ ಇಲ್ಲ. ನಿಶ್ಚಿಂದಿಪುರ ಎಂಬ ಹಳ್ಳಿ. ಪೌರೋಹಿತ್ಯ ಮಾಡುತ್ತ, ದೊಡ್ಡ ಲೇಖಕನಾಗುವ ಕನಸು ಕಾಣುವ ಬಡ ಬ್ರಾಹ್ಮಣ ಹರಿಹರ. ಇದ್ದುದರಲ್ಲಿ ಸಂಸಾರ ತೂಗಿಸುವ ಹೆಂಡತಿ ಸರ್ವಜಯಾ. ಮಕ್ಕಳು ದುರ್ಗಾ ಮತ್ತು ಅಪು. ಹಸಿವಿದೆ, ಸಾವಿದೆ, ಕೊನೆಗೆ ಊರು ಬಿಡುವುದಿದೆ. ಇಷ್ಟನ್ನೇ ಇಟ್ಟುಕೊಂಡು ಸತ್ಯಜಿತ್ ರಾಯ್ 1955ರಲ್ಲಿ ಅದೇ ಹೆಸರಿನ ಸಿನಿಮಾ ಮಾಡಿದರು. ಮರುವರ್ಷ ಅದು ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

‘ಸಿನಿಮಾ ನೋಡಿಯಾಯಿತಲ್ಲ, ಇನ್ನು ಪುಸ್ತಕ ಯಾಕೆ?’ ಎನ್ನುವ ವಿದ್ಯಾರ್ಥಿಗಳಿದ್ದಾರೆ. ‘ಪರೀಕ್ಷೆ ಹತ್ತಿರ ಬಂತು, ಎರಡೂ ಯಾಕೆ?’ ಎನ್ನುವ ತಂದೆತಾಯಿಗಳೂ ಇದ್ದಾರೆ. ಇವರೆಲ್ಲ ದುರ್ಗಾಳ ಕಳ್ಳತನದ ಪ್ರಸಂಗವನ್ನು ಒಮ್ಮೆ ನೋಡಬೇಕು.

ಸಿನಿಮಾದಲ್ಲಿ ನೆರೆಮನೆಯ ಅನುಕೂಲಸ್ಥ ಹೆಂಗಸು ಬಂದು, ತನ್ನ ಮಗಳ ಮಣಿಸರವನ್ನು ದುರ್ಗಾ ಕದ್ದಳೆಂದು ಜಗಳ ತೆಗೆಯುತ್ತಾಳೆ. ಹುಡುಗಿ ಇಲ್ಲವೆನ್ನುತ್ತಾಳೆ. ಬಡವರ ಮಕ್ಕಳ ಮೇಲೆ ಇಂಥ ಮಾತು ಬಂದಾಗ ತಾಯಿಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚು ಸುಡುತ್ತದೆ. ಸರ್ವಜಯಾ ಮಗಳ ಕೂದಲು ಹಿಡಿದು ದರದರನೆ ಎಳೆದು, ಹೊರಗೆ ನೂಕಿ ಬಾಗಿಲು ಹಾಕುತ್ತಾಳೆ. ಮರುಕ್ಷಣ ಅದೇ ಬಾಗಿಲ ಬಳಿ ಕುಸಿದು ಅಳುತ್ತಾಳೆ. ಮಕ್ಕಳಿಗೆ ಹೊಡೆದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡ ಯಾವ ತಾಯಿಗೂ ಕರುಣಾ ಬ್ಯಾನರ್ಜಿಯವರ ಈ ಅಭಿನಯ ಅರ್ಥವಾಗಲು ಬಂಗಾಳಿ ಬರಬೇಕಿಲ್ಲ.

ಮುಂದೆ ದುರ್ಗಾ ಮೊದಲ ಮಳೆಯಲ್ಲಿ ಮನಸಾರೆ ನೆಂದು, ಜ್ವರ ಹಿಡಿದು ಸಾಯುತ್ತಾಳೆ. ಉಳಿದವರು ಕಾಶಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಿರುವಾಗ, ಎತ್ತರದಲ್ಲಿಟ್ಟ ಸಾಮಾನಿನ ನಡುವೆ ಅಪುವಿನ ಕೈಗೆ ಆ ಮಣಿಸರ ಸಿಗುತ್ತದೆ. ಅಕ್ಕ ಕದ್ದದ್ದು ನಿಜ! ಹುಡುಗ ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು ಒಂದು ಕಿಂಡಿಯಾಗುತ್ತದೆ, ಮೆಲ್ಲಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಕಾದಂಬರಿ ತೆರೆದರೆ ಅಲ್ಲಿ ಬೇರೆಯೇ ಇದೆ. ಮಣಿಸರದ ಜಗಳ ಅಲ್ಲೂ ಉಂಟು. ಆದರೆ ಊರು ಬಿಡುವಾಗ ಅಪುವಿಗೆ ಸಿಗುವುದು ಚಿನ್ನದ ಪುಟ್ಟ ಸಿಂಧೂರದ ಭರಣಿ. ಅವನು ಅದನ್ನು ಎಸೆಯುವುದು ಬಿದಿರ ಮೆಳೆಯೊಳಕ್ಕೆ. ರಾಯ್ ಅವರಿಗೆ ಕಣ್ಣಿಗೆ ಕಾಣುವ ಚಿತ್ರ ಬೇಕಿತ್ತು, ಕೊಳ ಅದನ್ನು ಕೊಟ್ಟಿತು. ಆದರೆ ಭರಣಿ ಹೋಗಿ ಮಣಿಸರ ಬಂದಾಗ ಇನ್ನೊಂದೂ ಬದಲಾಯಿತು. ಆಸೆಗೆ ಮಣಿಸರ ಕದ್ದ ಹುಡುಗಿಯನ್ನು ಲೋಕ ಕ್ಷಮಿಸೀತು, ಚಿನ್ನ ಕದ್ದವಳನ್ನು ಅಷ್ಟು ಸುಲಭವಾಗಿ ಕ್ಷಮಿಸದು. ಬಿಭೂತಿಭೂಷಣರು ಓದುಗನಿಗೆ ಈ ರಿಯಾಯಿತಿ ಕೊಡುವುದಿಲ್ಲ. ಕಳ್ಳತನ ದೊಡ್ಡದು ಎಂದು ತಿಳಿದೂ ದುರ್ಗಾಳನ್ನು ಪ್ರೀತಿಸಬಲ್ಲಿರಾ ಎಂದು ಕೇಳಿದಂತಿದೆ. ಸಿನಿಮಾ ನೋಡಿ ಕಣ್ಣೀರಿಟ್ಟವರು ಪುಸ್ತಕ ಓದಿ ಈ ಪ್ರಶ್ನೆಯನ್ನೂ ಎದುರಿಸಬೇಕು.

ರೈಲಿನ ವಿಷಯದಲ್ಲೂ ಹಾಗೆಯೇ. ಕಾದಂಬರಿಯ ದುರ್ಗಾ ರೈಲು ನೋಡದೆಯೇ ಸಾಯುತ್ತಾಳೆ. ಹಾಸಿಗೆ ಹಿಡಿದಾಗಲೂ ತಮ್ಮನಲ್ಲಿ ಅದನ್ನೇ ಬೇಡುತ್ತಾಳೆ. ಸಿನಿಮಾದಲ್ಲಿ ಅಕ್ಕ ತಮ್ಮ ಕಾಶ ಹೂಗಳ ಬಯಲಿನಲ್ಲಿ ಓಡುತ್ತಾರೆ, ದುರ್ಗಾ ಎಡವಿ ಬೀಳುತ್ತಾಳೆ, ಅಪು ಹಳಿಯ ತನಕ ಹೋಗುತ್ತಾನೆ. ಅದಕ್ಕೆ ಮುಂಚೆ ಇಬ್ಬರೂ ತಂತಿ ಕಂಬಕ್ಕೆ ಕಿವಿಯಿಟ್ಟು ಗುಂಯ್‌ಗುಡುವ ಸದ್ದು ಕೇಳುವುದುಂಟು. ಗಾಳಿಗೆ ತಂತಿ ಕಂಪಿಸುತ್ತದೆ, ಕಂಪನ ಕಂಬಕ್ಕಿಳಿಯುತ್ತದೆ, ಘನವಸ್ತುವಿನ ಮೂಲಕ ಕಿವಿಗೆ ಚೆನ್ನಾಗಿ ಮುಟ್ಟುತ್ತದೆ. ಹೈಸ್ಕೂಲಿನ ಪಾಠವೇ. ಆದರೆ ಆ ಮಕ್ಕಳ ಮುಖದಲ್ಲಿ ಕಾಣುವ ಬೆರಗು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಈ ಬಯಲಿನಲ್ಲಿ ಚಿತ್ರೀಕರಣ ಶುರುವಾದದ್ದು 1952ರಲ್ಲಿ. ವಾರ ಬಿಟ್ಟು ಹೋಗಿ ನೋಡಿದರೆ ಹೂವನ್ನೆಲ್ಲ ದನ ಮೇದಿದ್ದವು! ಮುಂದಿನ ವರ್ಷ ಹೂ ಬಿಡುವವರೆಗೆ ಕಾಯಬೇಕಾಯಿತು.

ಕಾಯುವುದು ಅವರಿಗೆ ಹೊಸದಾಗಿರಲಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಅದುವರೆಗೆ ಸಿನಿಮಾ ಕ್ಯಾಮೆರಾ ಮುಟ್ಟಿರದ ಇಪ್ಪತ್ತೊಂದರ ಹುಡುಗ. ಹಣ ಮುಗಿದಾಗ ರಾಯ್ ಪುಸ್ತಕ ಮಾರಿದರು, ಹೆಂಡತಿಯ ಒಡವೆ ಅಡವಿಟ್ಟರು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ನೆರವಾಯಿತು.

ಸಿನಿಮಾ ಕೈಬಿಟ್ಟದ್ದೂ ಬಹಳ. ಕಾದಂಬರಿಯ ಅಪುವಿಗೆ ಮಹಾಭಾರತದಲ್ಲಿ ಕರ್ಣನೆಂದರೆ ಪ್ರಾಣ. ರಥದ ಚಕ್ರ ಹೂತ ಕರ್ಣನಿಗಾಗಿ ಅವನು ಮರುಗುತ್ತಾನೆ. ಕನ್ನಡದ ಓದುಗರಿಗೆ ಈ ಮಮತೆಯನ್ನು ವಿವರಿಸಬೇಕಿಲ್ಲ. ಹುಡುಗನೊಬ್ಬ ಒಬ್ಬನೇ ಕೂತು ಮನಸ್ಸಿನಲ್ಲೇ ಅನುಭವಿಸುವ ಇಂಥ ಸಂಗತಿಗಳನ್ನು ಪುಟಗಟ್ಟಲೆ ಹೇಳಲು ಕಾದಂಬರಿಯೇ ಸರಿ.

ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಸಿಕ್ಕಿತು. ಸುಟ್ಟು ಮುರುಟಿದ್ದರಲ್ಲಿ ಉಳಿದದ್ದನ್ನು ಇಟಲಿಯ ಬೊಲೋನ್ಯಾದ ತಂತ್ರಜ್ಞರು ತಾಳ್ಮೆಯಿಂದ ಸರಿಪಡಿಸಿದರು. ಬೇರೆಡೆಯ ಪ್ರತಿಗಳನ್ನೂ ಬಳಸಿದರು. 2015ರಲ್ಲಿ ಹೊಸ ಪ್ರತಿ ಹೊರಬಂತು. ನೋಡುವುದಾದರೆ ಅದನ್ನೇ ನೋಡಬೇಕು, ಮನೆಮಂದಿಯೆಲ್ಲ ಜತೆಗೆ ಕೂತು. ಮಗಳು ಸತ್ತದ್ದು ತಿಳಿಯದೆ ಊರಿಗೆ ಮರಳಿದ ಹರಿಹರ ಅವಳಿಗೆಂದು ತಂದ ಸೀರೆಯನ್ನು ಹೆಂಡತಿಯ ಮುಂದೆ ಹಿಡಿಯುತ್ತಾನೆ. ಸರ್ವಜಯಾ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಾಯಿ ಬಿಡುತ್ತಾಳೆ. ಅಳುವಿನ ಧ್ವನಿ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರರ ಸಂಗೀತದ ತಾರ್ ಶಹನಾಯಿ ಎತ್ತರದ ಸ್ವರದಲ್ಲಿ ಚೀರುತ್ತದೆ. ಆಗ ಯಾರೂ ಟೀವಿಯ ಸದ್ದು ತಗ್ಗಿಸಬಾರದು.